ಇಲ್ಲದ ಸೇತುವೆಯ ಮೂರನೇ ಕಲ್ಲು

ನಾನೇನು ಹುಡುಕಿಕೊಂಡು ಹೋಗೋದಿಲ್ಲ ಕಣ್ರೀ, ಇಂಥ ಕತೆಗಳೆಲ್ಲ ಜೀಪು ಮಾಡ್ಕೊಂಡು ನನ್ನ ಅಂಗಡಿ ಬಾಗಿಲಿಗೇ ಬರ್ತವೆ. ಕಡೂರಿನಲ್ಲಿ ಕಲ್ಲಿಗೆ ಅಕ್ಷರ ಕೆತ್ತೋ ಕೆಲಸ ನಂದು. ಸಮಾಧಿ ಕಲ್ಲು, ದೇವಸ್ಥಾನಕ್ಕೆ ದಾನ ಕೊಟ್ಟೋರ ಕಲ್ಲು, ಮನೆ ಮುಂದಿನ ಹೆಸರಿನ ಕಲ್ಲು, ಎಲ್ಲ ಮಾಡ್ತೀನಿ. ಆದರೆ ಅನ್ನ ಹಾಕೋದು ಶಂಕುಸ್ಥಾಪನೆ ಕಲ್ಲು. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಕಡೆ ಯಾವ ಚರಂಡಿ ಪಕ್ಕ, ಯಾವ ಸಮುದಾಯ ಭವನದ ಮುಂದೆ ಕರಿ ಕಲ್ಲು ನಿಂತಿದ್ರೂ ಒಂದ್ಸಲ ಹಿಂದುಗಡೆ ಬಗ್ಗಿ ನೋಡಿ. ಮೂಲೆಯಲ್ಲಿ ಒಂದು ಸಣ್ಣ ಉಳಿ ಗುರುತು ಇದ್ರೆ ಅದು ನಂದು.

ಎಲ್ಲ ಪಕ್ಷದ ಕಲ್ಲೂ ಕೆತ್ತಿದೀನಿ. ಮೂವತ್ತು ವರ್ಷ ಇವರ ಹೆಸರು ಕೆತ್ತಿ ಕೆತ್ತಿ ಎದೆಯೊಳಗೆ ಕಲ್ಲಿನ ಪುಡಿ ಇಳಿದಿದೆಯೇ ಹೊರತು ಭಕ್ತಿ ಇಳಿದಿಲ್ಲ. ಯಾರ ಹೆಸರನ್ನೂ ಇಲ್ಲಿ ಹೇಳೋದಿಲ್ಲ. ತಮ್ಮ ಹೆಸರು ಹಾಕ್ಕೊಳ್ಳೋದಕ್ಕೆ ಅವರು ಬೇಕಾದಷ್ಟು ಕಲ್ಲು ನಿಲ್ಲಿಸ್ಕೊಂಡಿದ್ದಾರೆ.

ಇಪ್ಪತ್ತಮೂರು ಜನ

ತರೀಕೆರೆ ಕಡೆ ಒಂದು ಹಳ್ಳಿಗೆ ಬಸ್ ತಂಗುದಾಣ ಮಂಜೂರಾಯ್ತು. ತಂಗುದಾಣ ಅಂದ್ರೆ ಮಹಾ ಏನಲ್ಲ, ನಾಲ್ಕು ಕಂಬ, ಮೇಲೊಂದು ತಗಡು, ಕೂರೋಕೆ ಒಂದು ಕಟ್ಟೆ. ಕಂಟ್ರಾಕ್ಟರು ಹೆಸರಿನ ಪಟ್ಟಿ ತಂದ. ಒಂಬತ್ತು ಹೆಸರು. ಸಾಯಂಕಾಲ ಫೋನು ಬಂತು.

"ಇನ್ನೆರಡು ಸೇರಿಸಪ್ಪ. ಇಲ್ಲಾಂದ್ರೆ ಪೂಜೆಗೇ ಬರಲ್ಲ ಅಂತಾವ್ರೆ."

ಸೇರಿಸಿದೆ. ಮಾರನೇ ದಿನ ಇನ್ನೂ ನಾಲ್ಕು ಬಂದವು. ಪಂಚಾಯ್ತಿ ಸದಸ್ಯರು, ಅವರಿಗೆ ಆಗದೇ ಇರೋರು, ಆಗದೇ ಇರೋರನ್ನ ಸಮಾಧಾನ ಮಾಡಿದೋರು, ಹೀಗೆ ಬೆಳೆದು ಬೆಳೆದು ಇಪ್ಪತ್ತಮೂರಾಯ್ತು. "ಸ್ವಾಮಿ, ಇನ್ನು ಕಲ್ಲಲ್ಲಿ ಜಾಗ ಇಲ್ಲ" ಅಂದೆ. "ಏನಾದ್ರೂ ತೆಗೆದು ಜಾಗ ಮಾಡು" ಅಂದ. ಏನು ತೆಗೀಲಿ? ಯಾರ ಹೆಸರು ತೆಗೆದ್ರೂ ಅವತ್ತು ಸಂಜೆಗೆ ನನ್ನ ಅಂಗಡಿ ಮುಂದೆ ಜಗಳ. ಕಡೆಗೆ ಅವನೇ ಅಂಗಡಿಗೆ ಬಂದು ಪಟ್ಟಿ ಇಸ್ಕೊಂಡು ಪೆನ್ನಲ್ಲಿ ಒಂದು ಸಾಲು ಹೊಡೆದು ಹಾಕಿದ. ನೋಡ್ತೀನಿ, 'ಬಸ್ ತಂಗುದಾಣ ಕಾಮಗಾರಿ' ಅನ್ನೋ ಸಾಲು.

"ತಂಗುದಾಣ ಅಲ್ಲೇ ಪಕ್ಕದಲ್ಲಿ ಕಾಣುತ್ತಲ್ಲಯ್ಯ. ಅದನ್ನ ಬೇರೆ ಬರೀಬೇಕಾ?"

ಆರು ತಿಂಗಳಾದ ಮೇಲೆ ಆ ಕಡೆ ಹೋಗಿದ್ದೆ. ಒಬ್ಬ ಅಜ್ಜಿ ಕಲ್ಲಿಗೆ ಕುಂಕುಮ ಇಟ್ಟು, ಎರಡು ಕನಕಾಂಬರ ಹಾಕಿ, ಕೈ ಮುಗೀತಾ ನಿಂತಿದ್ಲು. "ಯಾಕಜ್ಜಿ, ಯಾವ ದೇವರು ಇದು?" ಅಂದೆ.

"ದೇವ್ರಲ್ಲ ಕಣಪ್ಪ. ನಂಗೆ ಓದಕ್ಕೆ ಬರಲ್ಲ, ನಮ್ಮ ಮೊಮ್ಮಗಳು ಓದಿ ಹೇಳಿದ್ಲು, ಬರೀ ಹೆಸ್ರೇ ಅವೆ ಅಂತ. ಇಪ್ಪತ್ತಮೂರು ಜನ! ಯಾವ ಬಸ್ಸು ಮಗುಚ್ಕೊಳ್ತೋ ಏನೋ, ಎಲ್ರೂ ಒಂದೇ ಸಲಕ್ಕೆ ಹೋಗ್ಬಿಟ್ಟವ್ರಲ್ಲಪ್ಪ."

ಅಜ್ಜಿಯ ಕಣ್ಣಲ್ಲಿ ನೀರು ಬಂದಿತ್ತು. ಅಷ್ಟು ಒಳ್ಳೆ ಮನಸ್ಸಿಂದ ಅಳ್ತಿರೋಳಿಗೆ, ಇಲ್ಲಜ್ಜಿ, ಇವರೆಲ್ಲ ಗುಂಡುಕಲ್ಲಿನ ಹಾಗೆ ಇದ್ದಾರೆ ಅಂತ ಹೇಳಿ ಯಾಕೆ ನೋಯಿಸ್ಲಿ? ನಾನೂ ಕೈ ಮುಗಿದು ಬಂದೆ.

ಹಿಂದುಗಡೆ ಖಾಲಿ ಇದೆ

ಅಜ್ಜಂಪುರದ ಹತ್ತಿರ ಒಂದು ನೀರಿನ ಟ್ಯಾಂಕಿನ ಕಲ್ಲು. ಅದರಲ್ಲಿ ಮೂರನೇ ಹೆಸರು ಒಬ್ಬ ಸದಸ್ಯರದ್ದು. ಕಲ್ಲು ನಿಂತು ಎರಡು ತಿಂಗಳಿಗೆ ಅವರು ಪಕ್ಷ ಬಿಟ್ಟರು. ಮೇಲಿನಿಂದ ನನಗೆ ಹೇಳಿ ಕಳಿಸಿದರು: "ಆ ಹೆಸರು ಉಜ್ಜಿ ಹಾಕು."

ಕಲ್ಲಲ್ಲಿ ಉಜ್ಜೋದು ಅಂದ್ರೆ ಸ್ಲೇಟು ಒರೆಸಿದ ಹಾಗಲ್ಲ. ಮೆಷಿನ್ ಹಿಡಿದು ಅಕ್ಷರ ಎಷ್ಟು ಆಳ ಇದೆಯೋ ಅಷ್ಟು ಕಲ್ಲನ್ನೇ ತೇಯಬೇಕು. ಅಲ್ಲೊಂದು ತಗ್ಗು ಆಗುತ್ತೆ. ತೇಯ್ದು ಬಂದೆ. ಇನ್ನೊಂದು ತಿಂಗಳಿಗೆ ಅವರು ವಾಪಸ್ಸು ಸೇರಿಕೊಂಡರು, ಜೊತೆಗೆ ಇನ್ನೂ ದೊಡ್ಡ ಸ್ಥಾನ. ತಗ್ಗಿನೊಳಗೇ ಮತ್ತೆ ಹೆಸರು ಕೆತ್ತಿದೆ. ಆಮೇಲೆ ಮತ್ತೆ ಬಿಟ್ಟರು. ಮತ್ತೆ ತೇಯ್ದೆ. ಮತ್ತೆ ಬಂದರು. ಮೂರನೇ ಸಲಕ್ಕೆ ಆ ಜಾಗ ರಾಗಿ ಬೀಸೋ ಕಲ್ಲಿನ ಗುಂಡಿ ಥರ ಆಗಿತ್ತು, ಮಳೆ ಬಂದರೆ ಗುಬ್ಬಿಗಳು ಬಂದು ಅಲ್ಲಿ ನೀರು ಕುಡೀತಿದ್ವು.

ಆ ಸಲ ಆ ಪುಣ್ಯಾತ್ಮರೇ ಖುದ್ದಾಗಿ ನಿಂತು ಕೆತ್ತಿಸಿದರು. ನಾನು ಹೇಳಿದೆ, "ಸಾರ್, ಕಲ್ಲು ಪೂರ್ತಿ ತೆಳ್ಳಗಾಗಿದೆ. ಇನ್ನೊಂದ್ಸಲ ನೀವು ಪಕ್ಷ ಬಿಟ್ರೆ ತೂತು ಬೀಳುತ್ತೆ."

ಅವರು ಒಂದು ಸುತ್ತು ಹಾಕಿ ನೋಡಿದರು. ಮುಖದಲ್ಲಿ ಒಂಚೂರೂ ನಾಚಿಕೆ ಇಲ್ಲ.

"ತಲೆ ಕೆಡಿಸ್ಕೋಬೇಡ ಕಣಯ್ಯ. ಹಿಂದುಗಡೆ ಪೂರ್ತಿ ಖಾಲಿ ಇದೆ."

ಎರಡು ಬೀದಿ

ಇಷ್ಟು ಹೊತ್ತು ನಗಾಡಿಕೊಂಡು ಹೇಳಿದೆ. ಇನ್ನು ಹೇಳೋದು ನಮ್ಮ ಅಕ್ಕನ ಊರಿನ ವಿಚಾರ.

ಅಕ್ಕನನ್ನ ಕೊಟ್ಟಿದ್ದು ಯಗಟಿ ಕಡೆಯ ಒಂದು ಸಣ್ಣ ಊರಿಗೆ. ಊರಿಗೂ ಟಾರು ರಸ್ತೆಗೂ ಮಧ್ಯೆ ಒಂದು ಹಳ್ಳ. ವರ್ಷದಲ್ಲಿ ಹತ್ತು ತಿಂಗಳು ಅದರಲ್ಲಿ ಕುರಿ ಮೇಯ್ತವೆ. ಮಳೆ ಜೋರಾಗಿ ಹಿಡಿದ ದಿನ ಎದೆಮಟ್ಟ ನೀರು, ಊರು ದ್ವೀಪ. ಒಂದು ಸೇತುವೆ ಬೇಕು, ಅಷ್ಟೇ.

ಊರಲ್ಲಿ ಇರೋದು ಎರಡೇ ಬೀದಿ. ಮೇಲಿನ ಬೀದಿಯೋರು ಒಂದು ಪಕ್ಷ, ಕೆಳಗಿನ ಬೀದಿಯೋರು ಇನ್ನೊಂದು. ಕೆಳಗಿನ ಬೀದಿಯೋರು ತಮ್ಮ ನಾಯಕರು ಗೆದ್ದಾಗ ಹುಣಸೇಮರದ ಹತ್ತಿರ ಗುದ್ದಲಿ ಪೂಜೆ ಮಾಡಿಸಿದರು. ಕಲ್ಲು ಕೆತ್ತಿದ್ದು ನಾನೇ. ಮೇಲಿನ ಬೀದಿಯೋರು ತಕರಾರು ಹಾಕಿದರು, ಸೇತುವೆ ನಮ್ಮ ಮಾರಮ್ಮನ ಗುಡಿ ಹತ್ತಿರ ಆಗಬೇಕು ಅಂತ. ಕೆಲಸ ನಿಂತುಹೋಯ್ತು. ಮುಂದಿನ ಸಲ ಮೇಲಿನ ಬೀದಿಯೋರ ನಾಯಕರು ಗೆದ್ದರು, ಗುಡಿ ಹತ್ತಿರ ಇನ್ನೊಂದು ಪೂಜೆ, ಇನ್ನೊಂದು ಕಲ್ಲು. ಅದನ್ನೂ ನಾನೇ ಕೆತ್ತಿದೆ. ಈಗ ಕೆಳಗಿನ ಬೀದಿಯೋರು ತಕರಾರು ಹಾಕಿದರು. ಎರಡು ಜಾಗಕ್ಕೂ ಮಧ್ಯೆ ಒಂದು ಬೀಡಿ ಸೇದಿ ಮುಗಿಸೋವಷ್ಟು ದೂರ.

ಬರಬರುತ್ತಾ ಎರಡು ಬೀದಿಗೂ ಎಲ್ಲ ಬೇರೆ ಬೇರೆ ಆಯ್ತು. ಹಾಲು ಅಳೆಯೋ ಜಾಗ ಬೇರೆ, ಗಣಪತಿ ಬೇರೆ, ಮದುವೆಗೆ ಪಾತ್ರೆ ಸಾಮಾನು ಬೇರೆ. ಭಾನುವಾರ ಕಟಿಂಗ್ ಮಾಡೋಕೆ ಬರೋ ಮನುಷ್ಯ ಮಾತ್ರ ಒಬ್ಬನೇ ಉಳಿದಿದ್ದ. ಅವನಿಗೂ ಕಟ್ಟಳೆ ಮಾಡಿದರು, ಬೆಳಿಗ್ಗೆ ಮೇಲಿನ ಬೀದಿ, ಮಧ್ಯಾಹ್ನದ ಮೇಲೆ ಕೆಳಗಿನ ಬೀದಿ, ಕೊರಳಿಗೆ ಸುತ್ತೋ ಬಟ್ಟೆ ಬದಲಾಯಿಸಲೇಬೇಕು ಅಂತ. ನಾನು ಅವನನ್ನ ಕೇಳಿದೆ, "ಏನಪ್ಪಾ, ಎರಡು ಬೀದಿಯೋರ ತಲೇನೂ ಕೈಯಲ್ಲಿ ಹಿಡಿದು ನೋಡಿದೋನು ನೀನೊಬ್ಬನೇ. ಏನು ವ್ಯತ್ಯಾಸ ಕಾಣ್ತು?"

"ಒಳಗಡೇದು ನಂಗೆ ಗೊತ್ತಿಲ್ಲ ಸಾರ್. ಮೇಲಿರೋ ಹೊಟ್ಟು ಒಂದೇ."

ತುಪ್ಪ

ಹೀಗಿರುವಾಗ ಕಡೂರಿನಲ್ಲಿ ಒಂದು ಮದುವೆ. ಊಟಕ್ಕೆ ಕೂತು ಎದುರು ಸಾಲು ನೋಡ್ತೀನಿ, ಮೇಲಿನ ಬೀದಿಯ ನಾಯಕರೂ ಕೆಳಗಿನ ಬೀದಿಯ ನಾಯಕರೂ ಅಕ್ಕಪಕ್ಕದ ಎಲೆ! ಹೊಟ್ಟೆ ಹಿಡ್ಕೊಂಡು ನಗ್ತಾವ್ರೆ. ಒಬ್ಬರು ಇನ್ನೊಬ್ಬರ ಹೋಳಿಗೆಗೆ ತಾವೇ ತುಪ್ಪ ಹಾಕಿ, "ತಿನ್ರೀ, ಶುಗರ್ರು ನಾಳೆ ನೋಡ್ಕೊಳಾಣ" ಅಂತ ಉಪಚಾರ ಮಾಡ್ತಾವ್ರೆ. ಅಲ್ಲಿ ಅಕ್ಕನ ಊರಲ್ಲಿ ಇವರ ಹೆಸರು ಹೇಳ್ಕೊಂಡು ಸ್ವಂತ ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷ ಆಗಿತ್ತು.

ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಂಡೆ. ಮಾರನೇ ದಿನವೇ ಬಸ್ಸು ಹತ್ತಿ ಹೋಗಿ ಮೇಲಿನ ಬೀದಿಯಲ್ಲಿ ತೋರಿಸಿದೆ. ನೋಡ್ರಪ್ಪ, ಇವರೇ ಒಂದಾಗಿದ್ದಾರೆ, ನೀವ್ಯಾಕೆ ಹೊಡೆದಾಡ್ತೀರಿ ಅಂತ.

"ಅಯ್ಯೋ ನಿಂಗೆ ರಾಜಕೀಯ ಗೊತ್ತಾಗಲ್ಲ ಬಿಡು. ನಮ್ಮೋರು ಅವ್ನಿಗೆ ತುಪ್ಪ ಹಾಕಿ ಹಾಕಿ ಶುಗರ್ ಏರಿಸ್ತಾವ್ರೆ" ಅಂದರು.

ಕೆಳಗಿನ ಬೀದಿಗೆ ಹೋದೆ. ಅವರು ಫೋಟೋನ ದೊಡ್ಡದು ಮಾಡಿ ಮಾಡಿ ನೋಡಿದರು.

"ನೋಡ್ದಾ, ನಮ್ಮ ಸಾಹೇಬ್ರ ಎಲೆಗೆ ಬಡಿಸೋ ಕೆಲ್ಸಕ್ಕೆ ಇಳ್ದವ್ನೆ ಅವ್ನು!"

ಭಾವನ ಓಟು

ಎರಡು ಬೀದಿಯ ಜಗಲಿ ಮೇಲೂ ಕೂತು ಎಲೆ ಅಡಿಕೆ ಹಾಕೋ ಧೈರ್ಯ ಇದ್ದದ್ದು ನಮ್ಮ ಭಾವ ಒಬ್ಬರಿಗೇ. ಅಕ್ಕನ ಗಂಡ, ತೆಂಗಿನಕಾಯಿ ಸುಲಿಯೋದರಲ್ಲಿ ಆ ಕಡೆಗೆಲ್ಲ ಎತ್ತಿದ ಕೈ, ಬಾಯಿ ಬಿಟ್ಟರೆ ತಮಾಷೆ. ಅವರನ್ನ ಕಂಡರೆ ಎಲ್ಲರಿಗೂ ಆಗೋದು. ಅದೇ ಮುಳುವಾಯ್ತು ಅಂತ ಅಕ್ಕ ಈಗಲೂ ಹೇಳ್ತಾಳೆ. ನಡೆದದ್ದನ್ನ ನನಗೆ ಹೇಳಿದೋಳೂ ಅವಳೇ.

ಚಿತ್ತೆ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಭಾವನಿಗೆ ಎದೆ ಹಿಡ್ಕೊಳ್ತು. ಆಂಬುಲೆನ್ಸ್ ಬಂತು, ಬಂದು ಹಳ್ಳದ ಆಚೆ ದಡದಲ್ಲಿ ನಿಂತ್ಕೊಳ್ತು. ಭಾವನನ್ನ ಮಂಚದ ಮೇಲೆ ಮಲಗಿಸಿದರು. ಹೊರೋಕೆ ನಾಲ್ಕು ಜನ ಸಾಕು. ಆದರೆ ಭಾವ ಎಲ್ಲರಿಗೂ ಬೇಕಾದೋರು ನೋಡಿ, ಮೇಲಿನ ಬೀದಿಯಿಂದ ನಾಲ್ಕು ಜನ ಓಡಿ ಬಂದರು, ಕೆಳಗಿನ ಬೀದಿಯಿಂದಲೂ ನಾಲ್ಕು ಜನ ಓಡಿ ಬಂದರು. ಎಂಟು ಜನ ಹೊತ್ತುಕೊಂಡು ಹಳ್ಳದ ದಾರಿ ಕವಲಾಗೋ ಜಾಗಕ್ಕೆ ಬಂದರು. ಅಲ್ಲಿ ಮಂಚ ನಿಂತುಬಿಡ್ತು.

"ಹುಣಸೇಮರದ ಹತ್ರ ದಾಟಿಸಾಣ, ನೀರು ಕಮ್ಮಿ ಐತೆ" ಅಂದ ಒಬ್ಬ.

"ಅದೆಂಗೆ ಕಮ್ಮಿ? ಗುಡಿ ಹತ್ರ ಬಂಡೆ ಐತೆ, ಕಾಲು ನಿಲ್ತದೆ" ಅಂದ ಇನ್ನೊಬ್ಬ.

"ಈಗ ಗುಡಿ ಹತ್ರ ದಾಟಿದ್ರೆ ನಾಳೆ ನೀವು, ನೋಡಿ, ಸೇತುವೆ ಇಲ್ಲೇ ಸರಿ ಅಂತ ಅರ್ಜಿ ಬರೀತೀರ. ಗೊತ್ತಿಲ್ವಾ ನಮಗೆ?"

"ನೀವೇನು ಕಮ್ಮಿನಾ? ಮರದ ಹತ್ರ ದಾಟಿಸಿ ಫೋಟೋ ಹೊಡೆಸ್ತೀರ!"

ಮಂಚ ಹೊತ್ತುಕೊಂಡೇ ಜಗಳ. ಮಳೆ ಸುರೀತಾ ಇದೆ. ಅಕ್ಕ ಒಬ್ಬೊಬ್ಬರ ಕಾಲು ಹಿಡಿದಳು. ಆಗ ಭಾವ ಮಂಚದ ಮೇಲಿಂದ, ಉಸಿರು ಎಳ್ಕೊಂಡು ಎಳ್ಕೊಂಡು, "ಲೇ, ಕೈ ಎತ್ತಿ ಎಣಿಸ್ಬಿಡ್ರೋ... ನಂದೂ ಒಂದು ಸೇರಿಸ್ಕೊಳ್ರಿ" ಅಂದರು. ಸಾಯೋ ಹೊತ್ತಲ್ಲೂ ತಮಾಷೆ.

ಆ ಮುಟ್ಠಾಳರು ಮಂಚ ಕೆಳಗಿಟ್ಟು ನಿಜವಾಗಿಯೂ ಕೈ ಎತ್ತಿ ಎಣಿಸಿದರು ಕಣ್ರೀ! ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಸಮ ಸಮ. ಎಲ್ಲರೂ ಭಾವನ ಕಡೆ ತಿರುಗಿದರು, ಒಂಬತ್ತನೇ ಓಟು ಯಾವ ಕಡೆಗೆ ಅಂತ.

ಭಾವನ ಕೈ ಏಳಲಿಲ್ಲ.

ಮೂರನೇ ಕಲ್ಲು

ತಿಥಿ ಮುಗಿದು ನಾಲ್ಕು ದಿನಕ್ಕೆ ಆ ಇಬ್ಬರು ನಾಯಕರಲ್ಲಿ ಒಬ್ಬರು ಅಕ್ಕನ ಮನೆಗೆ ಬಂದರು. ಆ ಹೊತ್ತಿಗೆ ಅಧಿಕಾರ ಇದ್ದದ್ದು ಅವರ ಕೈಯಲ್ಲಿ, ಚುನಾವಣೆ ಬೇರೆ ಹತ್ತಿರ ಬರ್ತಿತ್ತು. ಆಗ ಹಳ್ಳ ಒಣಗಿತ್ತು, ಅವರ ಕಾರು ಸೀದಾ ಬಾಗಿಲಿಗೇ ಬಂತು. ಕಣ್ಣು ಒರೆಸಿಕೊಂಡರು, ಎರಡು ಬೀದಿಯೋರನ್ನೂ ಕರೆಸಿದರು. ಮರದ ಹತ್ತಿರವೂ ಬೇಡ, ಗುಡಿ ಹತ್ತಿರವೂ ಬೇಡ, ನಡುವೆ ಸೇತುವೆ ಮಾಡೋಣ, ನೀತಿ ಸಂಹಿತೆ ಬರೋದರೊಳಗೆ ಗುದ್ದಲಿ ಪೂಜೆ ಆಗಿಬಿಡಲಿ ಅಂದರು. ಅವರ ಆಪ್ತ ಸಹಾಯಕ ಹದಿನೆಂಟು ಹೆಸರಿನ ಪಟ್ಟಿ ಹಿಡ್ಕೊಂಡು ಸೀದಾ ನನ್ನ ಅಂಗಡಿಗೆ ಬಂದ.

"ಇದರಲ್ಲಿ ನಮ್ಮ ಭಾವನ ಹೆಸರು ಒಂದು ಸಾಲು ಬರಲಿ ಸಾರ್" ಅಂದೆ.

"ಜಾಗ ಉಳಿದ್ರೆ ನೋಡೋಣ" ಅಂದ.

ಆದರೂ ಕೆಲಸ ಒಪ್ಪಿಕೊಂಡೆ, ಸುಳ್ಳು ಯಾಕೆ ಹೇಳಲಿ. ಇವರನ್ನ ಎದುರು ಹಾಕ್ಕೊಂಡರೆ ಮೂರು ತಾಲ್ಲೂಕಲ್ಲಿ ಒಂದು ಕಲ್ಲೂ ಸಿಗಲ್ಲ. ಅವತ್ತು ಸಂಜೆ ಅಕ್ಕನಿಗೆ ಫೋನು ಮಾಡಿ ಹೇಳಿದೆ. ಬೈದಳು ನೋಡಿ.

"ಲೇ, ನಿನ್ನ ಕೈಗೆ ನಾಚಿಕೆ ಆಗಲ್ವೇನೋ? ಇಲ್ಲದ ಸೇತುವೆಗೆ ಎರಡು ಕಲ್ಲು ಕೆತ್ತಿದೀಯ. ಆ ಎರಡು ಕಲ್ಲು ಹಿಡ್ಕೊಂಡೇ ಅಲ್ವೇನೋ ಅವ್ರು ನನ್ನ ಗಂಡನ್ನ ಮಳೇಲಿ ಇಳಿಸಿ ಜಗಳ ಆಡಿದ್ದು? ಈಗ ಮೂರನೇದು ಕೆತ್ತೀಯಾ? ಒಂದು ಸಲನಾದ್ರೂ ಕಲ್ಲಲ್ಲಿ ನಿಜ ಬರೆಯೋ!"

ಫೋನು ಇಟ್ಟಳು. ನಾನು ಎರಡು ದಿನ ಆ ಕಲ್ಲಿನ ಹತ್ತಿರವೇ ಸುಳಿಯಲಿಲ್ಲ. ಮೂರನೇ ದಿನ ಅಂಗಡಿ ಬಾಗಿಲು ಅರ್ಧ ಎಳ್ಕೊಂಡು ಕೂತು, ಮೆಷಿನ್ ಮುಟ್ಟದೆ, ಉಳಿ ಸುತ್ತಿಗೆಯಲ್ಲೇ ಕೆತ್ತಿದೆ. ಮೇಲೆ ವಾಡಿಕೆಯಂತೆ ಶ್ರೀಕಾರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: 'ಇಲ್ಲಿ ಸೇತುವೆ ಇಲ್ಲ.' ಅದರ ಕೆಳಗೆ ಸಣ್ಣಕ್ಷರದಲ್ಲಿ: 'ಮುಂದೆಯೂ ಆಗುವುದಿಲ್ಲ. ಇದು ಮೂರನೆಯ ಕಲ್ಲು. ಮಳೆ ಬಂದಾಗ ಯಾರೂ ಯಾರನ್ನೂ ನಂಬಿ ಹಳ್ಳಕ್ಕೆ ಇಳಿಯಬಾರದು.' ಹದಿನೆಂಟು ಹೆಸರಲ್ಲಿ ಒಂದನ್ನೂ ಹಾಕಲಿಲ್ಲ. ಕೊನೆಗೆ ಭಾವನ ಹೆಸರು ಹಾಕಿದೆ, ಜಾಗ ಬೇಕಾದಷ್ಟು ಉಳಿದಿತ್ತು.

ಪೂಜೆಯ ದಿನ ಬೆಳಿಗ್ಗೆ ನಾನೇ ಹೋಗಿ ಕಲ್ಲು ನಿಲ್ಲಿಸಿ ಪರದೆ ಕಟ್ಟಿದೆ. ಇವತ್ತಿಗೆ ಅಂಗಡಿ ಮುಚ್ಚಿತು, ಪೊಲೀಸಿನೋರು ಬಂದರೂ ಬರಬಹುದು ಅಂತ ಮನೆಯೋಳಿಗೆ ಹೇಳಿಯೇ ಬಂದಿದ್ದೆ.

ನಾಯಕರು ಎರಡು ಗಂಟೆ ತಡವಾಗಿ ಬಂದರು, ಅವತ್ತು ಅದು ಅವರಿಗೆ ಐದನೇ ಪೂಜೆಯಂತೆ. ಗುದ್ದಲಿ ಹಾಕಿದರು, ಕಾಯಿ ಒಡೆದರು. ಪರದೆಯ ದಾರ ಎಳೆಯುವಾಗ ಮುಖ ಪೂರ್ತಿ ಕ್ಯಾಮೆರಾ ಕಡೆಗೆ. ಹಿಂದಿದ್ದ ಪಟ್ಟಿಯ ಮಿಕ್ಕ ಜನಕ್ಕೂ ಫೋಟೋದಲ್ಲಿ ತಲೆ ತೂರಿಸೋದೇ ಯೋಚನೆ. ಕಲ್ಲು ಅವರ ಬೆನ್ನ ಹಿಂದೆ. ಜನ ಕೂತಿದ್ದು ಎದುರಿಗೆ.

ಜನ ಓದಿದರು. ಮುಂದಿನ ಸಾಲಿನೋರು ಮೊದಲು ಓದಿದರು, ಹಿಂದಿನೋರು ಎದ್ದು ನಿಂತು ಓದಿದರು. ಓದಲು ಬಾರದೋರಿಗೆ ಪಕ್ಕದೋರು ಪಿಸುಗುಟ್ಟಿದರು. ಅಕ್ಕ ನಾಲ್ಕನೇ ಕ್ಲಾಸಿನ ತನಕ ಕಲಿತೋಳು, ತುಟಿ ಅಲ್ಲಾಡಿಸ್ಕೊಂಡು ಒಂದೊಂದೇ ಅಕ್ಷರ ಕೂಡಿಸ್ತಿದ್ದಳು. ಆಪ್ತ ಸಹಾಯಕ ಜನರ ಮುಖ ನೋಡಿ ಅನುಮಾನ ಬಂದು ತಿರುಗಿ ಕಲ್ಲು ನೋಡಿದ. ಅವನ ಮುಖ ಬಿಳಿಚಿಕೊಳ್ತು. ನನ್ನ ಕಡೆ ನೋಡಿದ. ಪಟ್ಟಿ ತಂದವನು ಅವನು, ನೋಡಿ ಒಪ್ಪಿಕೊಳ್ಳಬೇಕಾದವನೂ ಅವನೇ. ಹೇಳಿದರೆ ಮೊದಲು ಹೋಗೋದು ಅವನ ಕೆಲಸ. ಕೈಲಿದ್ದ ದೊಡ್ಡ ಹಾರವನ್ನ ಕಲ್ಲಿಗೆ ಹಾಕಿ ಮುಚ್ಚೋಕೆ ಹೋದ. ಅಷ್ಟರಲ್ಲಿ ನಾಯಕರು, ತಮಗೇ ತಂದ ಹಾರ ಅಂದ್ಕೊಂಡು ಕತ್ತು ಕೊಟ್ಟರು!

ಹಾರ ಹಾಕ್ಕೊಂಡು ಮೈಕು ಹಿಡಿದರು.

"ತಾಯಂದಿರೇ, ಅಣ್ಣತಮ್ಮಂದಿರೇ! ನಾನು ಬೇರೆಯವರ ಥರ ಗಂಟೆಗಟ್ಟಲೆ ಭಾಷಣ ಮಾಡೋನಲ್ಲ." ಒಂದು ಹೆಜ್ಜೆ ಹಿಂದೆ ಬಂದು, ತಿರುಗದೆಯೇ, ಕಲ್ಲಿನ ತಲೆ ಮೇಲೆ ಕೈ ಇಟ್ಟರು. "ಈ ಕಲ್ಲಿನ ಮೇಲೆ ಏನು ಕೆತ್ತಿದೆಯೋ ಎಲ್ಲರೂ ಓದ್ಕೊಳ್ಳಿ. ಅದೇ ನನ್ನ ಮಾತು. ಇದರಲ್ಲಿ ಒಂದೇ ಒಂದು ಅಕ್ಷರ ತಪ್ಪಿ ನಡೆದ್ರೆ ನನ್ನನ್ನ ಈ ಊರಿಗೇ ಸೇರಿಸಬೇಡಿ!"

ಚಪ್ಪಾಳೆ ಬಿತ್ತು ಕಣ್ರೀ! ಮೇಲಿನ ಬೀದಿ, ಕೆಳಗಿನ ಬೀದಿ ಎರಡೂ ಒಟ್ಟಿಗೆ ಚಪ್ಪಾಳೆ ತಟ್ಟಿದ್ದನ್ನ ನಾನು ನೋಡಿದ್ದು ಅದೇ ಮೊದಲು. ಮಂಚ ಹೊತ್ತಿದ್ದ ಎಂಟು ಜನವೂ ಅಲ್ಲಿದ್ದರು. ಕೆಲವರು ನಗ್ತಿದ್ದರು, ಒಬ್ಬ ತಲೆ ತಗ್ಗಿಸಿಕೊಂಡು ಟವೆಲಲ್ಲಿ ಮುಖ ಒರೆಸ್ತಿದ್ದ. ಅಕ್ಕ ಸೆರಗು ಬಾಯಿಗೆ ಒತ್ತಿ ಹಿಡಿದು ನಗು ಅಳು ಎರಡನ್ನೂ ಮಾಡ್ತಿದ್ದಳು. ನಾಯಕರಿಗೆ ಪರಮಾನಂದ. ಇಷ್ಟು ಚಪ್ಪಾಳೆ ಜನ್ಮದಲ್ಲಿ ಕಂಡಿರಲಿಲ್ಲ ಅಂತ ಕಾಣುತ್ತೆ, ಕಣ್ಣು ತುಂಬ್ಕೊಂಡು ಕೈ ಮುಗಿದು, ಹಾಗೇ ಕಾರು ಹತ್ತಿ ಆರನೇ ಪೂಜೆಗೆ ಹೊರಟರು.

ಒಂದು ಮಳೆಗಾಲ ಪೂರ್ತಿ ಕಳೀತು, ಇನ್ನೊಂದು ಶುರುವಾಗಿದೆ. ಕಲ್ಲು ಅಲ್ಲೇ ಇದೆ. ಮೂವತ್ತು ವರ್ಷದಲ್ಲಿ ನಾನು ಕೆತ್ತಿದ ಅಷ್ಟೂ ಕಲ್ಲುಗಳಲ್ಲಿ, ಬರೆದದ್ದನ್ನ ಅಕ್ಷರ ಬಿಡದೆ ನಡೆಸಿಕೊಟ್ಟ ನಾಯಕರು ಇವರೊಬ್ಬರೇ.